ಆಕಳಿಗೊಂದು ಅಲೆ, ಲಾರಿಗೊಂದು ಅಲೆ

1970ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಎರಡು ಬೇಡಿಕೆಗಳು ಬಂದವು. ಅಣುವಸ್ತು ಸಾಗಿಸುವ ಟ್ರಕ್ಕುಗಳನ್ನು ಗೇಟಿನಲ್ಲೇ ಗುರುತಿಸಬೇಕು ಎಂಬುದು ಒಂದು. ಇನ್ನೊಂದು ಅಲ್ಲಿನ ಕೃಷಿ ಇಲಾಖೆಯದು: ಮಂದೆಯಲ್ಲಿ ಯಾವ ಆಕಳಿಗೆ ಔಷಧ ಕೊಟ್ಟಾಗಿದೆ, ಯಾವುದಕ್ಕೆ ಇಲ್ಲ ಎಂಬುದು ತಿಳಿಯಬೇಕು.

ಮೂಲ ವಿಚಾರ ಆಗಲೇ ಇತ್ತು. ಬಂದ ರೇಡಿಯೊ ಅಲೆಯನ್ನೇ ಹಿಂದಿರುಗಿಸಿ ಸುದ್ದಿ ಕಳಿಸಬಹುದು, ಬಿಸಿಲಿಗೆ ಕನ್ನಡಿ ಹಿಡಿದು ಸನ್ನೆ ಮಾಡಿದ ಹಾಗೆ ಎಂದು ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಬರೆದಿದ್ದರು. ಆದರೆ ಟ್ರಾನ್ಸಿಸ್ಟರ್ ಆಗಷ್ಟೇ ಹುಟ್ಟಿತ್ತು. ಚಿಪ್ ಬರಲು ಇನ್ನೂ ಹತ್ತು ವರ್ಷ ಬೇಕಿತ್ತು. 1975ರಲ್ಲಿ ಲಾಸ್ ಅಲಾಮೋಸ್‌ನ ಆಲ್ಫ್ರೆಡ್ ಕೊಯೆಲ್, ಸ್ಟೀವನ್ ಡೆಪ್ ಮತ್ತು ರಾಬರ್ಟ್ ಫ್ರೇಮನ್ ಆ ವಿಚಾರದ ಕೆಲಸ ಮಾಡುವ ರೂಪವನ್ನು, ಅಂದರೆ ಅಲೆ ಹಿಂದಿರುಗಿಸುವ ರೇಡಿಯೊ ಟ್ಯಾಗನ್ನು, ಪ್ರಕಟಿಸಿದರು.

ಒಂದೇ ವಿದ್ಯೆ ಎರಡೂ ಕಡೆ ಸಾಲಲಿಲ್ಲ. ಹೆಚ್ಚು ಆವರ್ತನದ ಟ್ಯಾಗನ್ನು ದೂರದಿಂದ ಓದಬಹುದು, ಆದರೆ ಅದರ ಅಲೆಯನ್ನು ನೀರು ಹೀರಿಬಿಡುತ್ತದೆ. ಆಕಳ ಮೈಯ ಬಹುಪಾಲು ನೀರೇ. ಕಡಿಮೆ ಆವರ್ತನದ ಕಾಂತಕ್ಷೇತ್ರಕ್ಕೆ ಆ ತೊಡಕಿಲ್ಲ. ಮಾಂಸ, ಚರ್ಮ ದಾಟಿ ಹೋಗುತ್ತದೆ, ಓದುವ ಅಂತರ ಮಾತ್ರ ಚಿಕ್ಕದು. ಹಾಗಾಗಿ ಮುಂದೆ ಕೆಲವು ಕಂಪನಿಗಳು 125 ಕಿಲೋಹರ್ಟ್ಸ್‌ನಲ್ಲಿ ದನದ ಚರ್ಮದಡಿ ಸೇರಿಸುವ ಗಾಜಿನ ಕ್ಯಾಪ್ಸೂಲ್ ರೂಪಿಸಿದವು. 1996ರಲ್ಲಿ ಪ್ರಾಣಿಗಳಿಗೆಂದು 134.2 ಕಿಲೋಹರ್ಟ್ಸ್ ಅಂತರರಾಷ್ಟ್ರೀಯ ಮಾನಕವಾಯಿತು.

ಟ್ರಕ್ಕಿನ ದಾರಿ ಟೋಲ್ ಗೇಟಿಗೆ ಹೋಯಿತು. ಭಾರತ 2005ರಲ್ಲಿ 865–867 ಮೆಗಾಹರ್ಟ್ಸ್ ಆವರ್ತನ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. 2010ರಲ್ಲಿ ಬೆಂಗಳೂರಿನ ನಂದನ್ ನಿಲೇಕಣಿ ನೇತೃತ್ವದ ಸಮಿತಿ, ಟೋಲ್ ವಸೂಲಿಗೆ ಈ ಪಟ್ಟಿಯ ಬ್ಯಾಟರಿಯಿಲ್ಲದ ಟ್ಯಾಗೇ ಸಾಕೆಂದು ಶಿಫಾರಸು ಮಾಡಿತು. ಅದೇ ಫಾಸ್ಟ್ಯಾಗ್, 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಕಡ್ಡಾಯವಾಯಿತು. ಈ ಪಟ್ಟಿಯ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದಕ್ಕೇ ಆಂಟೆನಾ ಮಡಚಿಕೊಂಡು ಒಂದು ಸ್ಟಿಕರ್‌ನಲ್ಲಿ ಕೂರುತ್ತದೆ, ಕೆಲವು ಮೀಟರ್ ದೂರದಿಂದ ಓದಿಸಿಕೊಳ್ಳುತ್ತದೆ. ಲೋಹ ಅಲೆಯನ್ನು ಕೆಡಿಸುವುದರಿಂದ ಅದನ್ನು ಬಾನೆಟ್ಟಿಗಲ್ಲ, ಮುಂಗಾಜಿಗೆ ಅಂಟಿಸುತ್ತಾರೆ.

ಎರಡರ ನಡುವೆ 13.56 ಮೆಗಾಹರ್ಟ್ಸ್ ಇದೆ. ತಾಗಿಸಿದರೆ ಹಣ ಕೊಡುವ ಬ್ಯಾಂಕ್ ಕಾರ್ಡ್, ಗ್ರಂಥಾಲಯದ ಪುಸ್ತಕದ ಟ್ಯಾಗ್ ಅದರವು. ಅಲ್ಲಿ ಹತ್ತಿರದಿಂದಷ್ಟೇ ಓದುವುದು ಕೊರತೆಯಲ್ಲ, ಕಾವಲು: ಪಕ್ಕದವನ ಕಾರ್ಡಿನಿಂದ ಹಣ ಹೋಗಬಾರದಲ್ಲ.

ಹುಬ್ಬಳ್ಳಿಯಿಂದ ಕಲಘಟಗಿ ಹಾಯ್ದು ಕಾರವಾರಕ್ಕೆ ಇಳಿಯುವ ಲಾರಿಗಳಿಗೆ ಈ ಸಂಶೋಧನೆಯ ಫಲ ಸಿಕ್ಕಿದೆ. ಆದರೆ ಅದೇ ಕಲಘಟಗಿ ತಾಲ್ಲೂಕಿನ ಕೊಟ್ಟಿಗೆಯ ಆಕಳ ಕಿವಿಯಲ್ಲಿರುವುದು 12 ಅಂಕಿಯ ಹಳದಿ ಬಿಲ್ಲೆ. ಸಂಖ್ಯೆಯೂ ಬಾರ್‌ಕೋಡೂ ಉಂಟು, ರೇಡಿಯೊ ಇಲ್ಲ. ಲಸಿಕೆ ಹಾಕಲು ಬಂದವರು ದನದ ತಲೆ ಹಿಡಿಸಿ, ಸಗಣಿ ಒರೆಸಿ ಓದಬೇಕು. ಲಾಸ್ ಅಲಾಮೋಸ್‌ಗೆ ಕೇಳಿದ ಪ್ರಶ್ನೆ ಇದೇ ಕೆಲಸದ್ದು. ಹಾಲಿನ ಸಂಘಗಳು ನಾಳೆ ರೇಡಿಯೊ ಟ್ಯಾಗ್ ಕೊಳ್ಳಲು ಹೊರಟರೆ ಬೆಲೆಗಿಂತ ಮೊದಲು ಆವರ್ತನ ಕೇಳಲಿ. ಲಾರಿಗೆ ಒಗ್ಗಿದ್ದು ಅಗ್ಗವಾಗಿ ಸಿಕ್ಕೀತು. ಆದರೆ ಕೊಟ್ಟಿಗೆಯಲ್ಲಿ ಒಂದಕ್ಕೊಂದು ಒರಗಿ ನಿಂತ ಹಸಿ ಮೈಗಳ ನಡುವೆ ನಂಬುವಂತೆ ಓದಿಸಿಕೊಳ್ಳುವುದು ಆಕಳಿಗೆಂದೇ ಕಂಡುಕೊಂಡ ಆ ಕಡಿಮೆ ಆವರ್ತನ.