ಸ್ತನ ಎತ್ತರಿಸುವ ಶಸ್ತ್ರಚಿಕಿತ್ಸೆ: ಕೊಯ್ತ ಎಲ್ಲಿ, ಕಲೆ ಎಷ್ಟು?



ಹೊರರೋಗಿ ವಿಭಾಗದಲ್ಲಿ ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವನ್ನೂ ಹೇಳಿ ಮುಗಿಸಿ, ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಕೇಳುವವರಿದ್ದಾರೆ. ಸ್ತನಗಳು ಜೋತು ಬಿದ್ದಿವೆ, ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಉರಿಯುತ್ತದೆ, ಭಾರಕ್ಕೆ ಭುಜ ನೋಯುತ್ತದೆ, ಇದಕ್ಕೇನಾದರೂ ಉಪಾಯ ಇದೆಯೇ ಎಂದು. ಇನ್ನು ಕೆಲವರು ಒಂದು ಸ್ತನಕ್ಕೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರು. ಇನ್ನೊಂದು ಸ್ತನವನ್ನು ಅದಕ್ಕೆ ಸರಿಹೊಂದುವಂತೆ ಎತ್ತರಿಸಬಹುದೆಂದು ವೈದ್ಯರೇ ಅವರಿಗೆ ಸೂಚಿಸಿರುತ್ತಾರೆ. ಯಾರೇ ಆಗಲಿ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಜೊತೆಗೆ ಬಂದ ಗಂಡನಾಗಲಿ ಅತ್ತೆಯಾಗಲಿ ಇದನ್ನು ಶೋಕಿ ಎಂದು ತಳ್ಳಿಹಾಕಬಾರದು.

ಖಾನಾಪುರ ಕಡೆಯ ಒಬ್ಬ ತಾಯಿ ನನ್ನನ್ನು ಕೇಳಿದ್ದು ಹೀಗೆ: "ಸಿಸ್ಟರ್ರ, ಎಲ್ಲಕ್ಕಿಂತ ಸಣ್ಣ ಕಲೆ ಯಾವುದ್ರಾಗ ಬೀಳ್ತೈತಿ, ಅದನ್ನ ಮಾಡಸ್ರಿ." ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಆದರೆ ಕಲೆಯ ಉದ್ದ ನೋಡಿ ವಿಧಾನವನ್ನು ಆರಿಸಿದರೆ ಮುಂದೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಅದೇಕೆ ಎಂಬುದನ್ನು ತಿಳಿಸಲು ಈ ಲೇಖನ.

ಹೊಲಿಗೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಗಲೆಯಾದ ಖಣದ ಕುಪ್ಪಸವನ್ನು ಅಳತೆಗೆ ತರಬೇಕಾದರೆ ಹೆಚ್ಚಿನ ಬಟ್ಟೆಯನ್ನು ಎಲ್ಲಾದರೂ ಒಂದು ಕಡೆ ಹಿಡಿದು ಹೊಲಿಯಲೇಬೇಕು. ಹೊಲಿಗೆಯ ಗೆರೆ ಕಾಣಬಾರದು, ಕುಪ್ಪಸ ಮಾತ್ರ ಬಿಗಿಯಾಗಬೇಕು ಎಂದರೆ ಯಾವ ದರ್ಜಿಯೂ ಒಪ್ಪುವುದಿಲ್ಲ. ಇಲ್ಲಿಯೂ ಹಾಗೆಯೇ. ಸಡಿಲವಾದ ಚರ್ಮವನ್ನು ತೆಗೆದು, ತೊಟ್ಟನ್ನು ಮೇಲಕ್ಕೆ ತಂದು ಕೂರಿಸಿ ಹೊಲಿಯುವುದೇ ಈ ಶಸ್ತ್ರಚಿಕಿತ್ಸೆ. ವೈದ್ಯರು ಇದಕ್ಕೆ ಮಾಸ್ಟೋಪೆಕ್ಸಿ ಎನ್ನುತ್ತಾರೆ. ಸ್ತನ ಬಹಳ ಭಾರವಾಗಿದ್ದರೆ ಒಳಗಿನ ಕೊಬ್ಬು ಮತ್ತು ಗ್ರಂಥಿಯ ಭಾಗವನ್ನೂ ತೆಗೆಯುತ್ತಾರೆ. ಅದು ಸ್ತನ ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ. ಎರಡಕ್ಕೂ ಕೊಯ್ತದ ಗೆರೆಗಳು ಬಹುಪಾಲು ಒಂದೇ.

ಹಾಲುಣಿಸಿದ್ದರಿಂದ ಹೀಗಾಯಿತೇ?

ಇದನ್ನು ಇಲ್ಲಿ ಹೇಳಲೇಬೇಕು. ಎದೆಹಾಲು ಕುಡಿಸಿದರೆ ಸ್ತನ ಜೋತು ಬೀಳುತ್ತದೆಂದು ಹೆದರಿ ಮಗುವಿಗೆ ಮೂರು ತಿಂಗಳಿಗೇ ಡಬ್ಬಿ ಹಾಲು ಹಿಡಿಸಿದ ಹುಡುಗಿಯರನ್ನು ನಾನು ನೋಡಿದ್ದೇನೆ. ಅಮೆರಿಕದ ಕೆಂಟಕಿಯ ಪ್ಲಾಸ್ಟಿಕ್ ಸರ್ಜನ್ನರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ತನ ಜೋಲುವುದಕ್ಕೂ ಹಾಲುಣಿಸುವುದಕ್ಕೂ ಸಂಬಂಧ ಕಂಡುಬರಲಿಲ್ಲ. ವಯಸ್ಸು, ಹೆಚ್ಚು ತೂಕ, ಎಷ್ಟು ಸಲ ಗರ್ಭಿಣಿಯಾಗಿದ್ದರು, ಮೊದಲೇ ಸ್ತನ ದೊಡ್ಡದಿತ್ತೇ, ಧೂಮಪಾನ ಮಾಡುತ್ತಿದ್ದರೇ ಎಂಬುವೇ ಕಾರಣಗಳಾಗಿದ್ದವು. ಬಸಿರಿನಲ್ಲಿ ಹಿಗ್ಗಿದ ಚರ್ಮ ಮತ್ತು ಒಳಗಿನ ಆಧಾರದ ತಂತುಗಳು ಆಮೇಲೆ ಮೊದಲಿನಷ್ಟು ಕುಗ್ಗುವುದಿಲ್ಲ, ಅಷ್ಟೇ. ಆದ್ದರಿಂದ ಮಗುವಿಗೆ ಹಾಲುಣಿಸುವುದನ್ನು ಈ ಭಯಕ್ಕೆ ನಿಲ್ಲಿಸಬೇಡಿ. ಮುಲಾಮು, ಎಣ್ಣೆ ತಿಕ್ಕಿ ಸ್ತನ ಮೇಲೆತ್ತುತ್ತೇವೆ ಎನ್ನುವ ಜಾಹೀರಾತುಗಳಿಗೂ ಹಣ ಕೊಡಬೇಡಿ.

ಜೋಲು ಎಷ್ಟು ಎಂದು ತಿಳಿಯುವುದು ಹೇಗೆ?

ಕನ್ನಡಿಯ ಮುಂದೆ ನೇರವಾಗಿ ನಿಂತು ಸ್ತನದ ಕೆಳಗಿನ ಮಡಿಕೆ ಎದೆಗೆ ಸೇರುವ ಮಟ್ಟವನ್ನು ಗಮನಿಸಿ. ತೊಟ್ಟು ಆ ಮಟ್ಟಕ್ಕೆ ಸರಿಯಾಗಿ ಇಳಿದಿದ್ದರೆ ಮೊದಲ ಹಂತ. ಅದಕ್ಕಿಂತ ಕೆಳಗಿದ್ದು, ಆದರೂ ಸ್ತನದ ತುದಿಗಿಂತ ಮೇಲಿದ್ದರೆ ಎರಡನೆಯದು. ತೊಟ್ಟು ಎಲ್ಲಕ್ಕಿಂತ ಕೆಳಗಿಳಿದು ನೆಲದ ಕಡೆ ಮುಖ ಮಾಡಿದ್ದರೆ ಮೂರನೆಯದು. ಕೆನಡಾದ ಸರ್ಜನ್ ಪೌಲ್ ರೆನ್ಯೋ 1976ರಲ್ಲಿ ಮಾಡಿದ ಈ ವಿಂಗಡಣೆಯನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಯಾವ ಕೊಯ್ತ ಎಂಬುದು ಮುಖ್ಯವಾಗಿ ಈ ಹಂತದ ಮೇಲೆ ನಿಂತಿದೆ.

ಮೂರು ಬಗೆಯ ಕೊಯ್ತ

ಎಲ್ಲಕ್ಕಿಂತ ಚಿಕ್ಕದು ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲಿ ಮಾಡುವ ಉಂಗುರದಂಥ ಕೊಯ್ತ. ಪ್ಯಾರಿಸ್ಸಿನ ಡಾ. ಲೂಯಿ ಬೆನೆಲ್ಲಿ 1990ರಲ್ಲಿ ವಿವರಿಸಿದ ವಿಧಾನದಲ್ಲಿ ಕರಗದ ದಾರವನ್ನು ಚರ್ಮದೊಳಗೆ ಸುತ್ತಲೂ ಪೋಣಿಸಿ, ಲಂಗದ ಲಾಡಿ ಎಳೆದಂತೆ ಬಿಗಿಯುತ್ತಾರೆ. ಕಪ್ಪು ಚರ್ಮ ಮತ್ತು ತಿಳಿ ಚರ್ಮ ಸೇರುವ ಗಡಿಯಲ್ಲೇ ಇರುವುದರಿಂದ ಕಲೆ ಅಷ್ಟಾಗಿ ಎದ್ದು ಕಾಣುವುದಿಲ್ಲ. ಆದರೆ ಲಾಡಿ ಎಳೆದರೆ ಲಂಗಕ್ಕೆ ನೆರಿಗೆ ಬೀಳುವಂತೆ ಇಲ್ಲಿಯೂ ಸುತ್ತ ಸುಕ್ಕು ಬೀಳುತ್ತದೆ. ಅದು ಬಹುಪಾಲು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ತೊಟ್ಟನ್ನು ಒಂದೆರಡು ಸೆಂಟಿಮೀಟರ್ ಮಾತ್ರ ಏರಿಸಬೇಕಾದವರಿಗೆ ಇದು ಸಾಕು. ಹೆಚ್ಚು ಜೋಲಿದ್ದವರಿಗೆ ಇದನ್ನೇ ಮಾಡಿದರೆ ಸ್ತನ ಚಪ್ಪಟೆಯಾಗುತ್ತದೆ, ಭಾರ ಆ ಒಂದೇ ಹೊಲಿಗೆಯನ್ನು ಎಳೆದು ವರ್ತುಲ ಅಗಲವಾಗುತ್ತದೆ, ಕಲೆಯೂ ಅಗಲವಾಗುತ್ತದೆ. ಬೇರೆ ಊರಿನಲ್ಲಿ ಹೀಗೆ ಮಾಡಿಸಿಕೊಂಡು, ಎರಡು ವರ್ಷದ ಮೇಲೆ ಮತ್ತೆ ಸರಿಪಡಿಸಲು ಬಂದ ಒಬ್ಬರ ಡ್ರೆಸ್ಸಿಂಗ್ ನಾನೇ ಮಾಡಿದ್ದೇನೆ. ಸಣ್ಣ ಕಲೆ ಬೇಕೆಂದು ಹಠ ಹಿಡಿದಿದ್ದು ತಾವೇ ಎಂದು ಅವರು ಹೇಳಿಕೊಂಡರು.

ಎರಡನೆಯದರಲ್ಲಿ ಆ ಉಂಗುರದ ಜೊತೆಗೆ ಅದರ ಕೆಳಗಿನಿಂದ ಮಡಿಕೆಯವರೆಗೆ ಒಂದು ನೇರ ಗೆರೆ ಇಳಿಯುತ್ತದೆ. ನೋಡಲು ಕಡ್ಡಿ ಮಿಠಾಯಿಯಂತೆ. ಫ್ರಾನ್ಸಿನ ಲಸ್ಸೂಸ್, ಬೆಲ್ಜಿಯಂನ ಮದಲೆನ್ ಲೆಜೂರ್, 1999ರಲ್ಲಿ ಕೆನಡಾದ ಎಲಿಜಬೆತ್ ಹಾಲ್-ಫಿಂಡ್ಲೆ ಇದನ್ನು ಬೆಳೆಸಿದವರು. ಮಧ್ಯಮ ಜೋಲು ಇರುವವರಿಗೆ ಹೆಚ್ಚಾಗಿ ಇದನ್ನೇ ಮಾಡುತ್ತಾರೆ. ಒಳಗಿನ ಅಂಗಾಂಶವನ್ನೂ ಕೂಡಿಸಿ ಹೊಲಿಯುವುದರಿಂದ ಭಾರವೆಲ್ಲ ಚರ್ಮದ ಮೇಲೆ ಬೀಳುವುದಿಲ್ಲ. ಮೊದಮೊದಲು ಸ್ತನ ಮೇಲ್ಗಡೆ ಉಬ್ಬಿ, ಗೆರೆಯ ಕೆಳತುದಿ ಮುದುಡಿಕೊಂಡಂತೆ ಕಾಣುತ್ತದೆ. ಗಾಬರಿಯಾಗಬೇಡಿ, ಆಕಾರ ಕೂರಲು ತಿಂಗಳುಗಳು ಬೇಕು. ಮುದುಡು ಉಳಿದರೆ ಆಮೇಲೆ ಚಿಕ್ಕದಾಗಿ ತೆಗೆಯಬೇಕಾಗಬಹುದು.

ಮೂರನೆಯದು ಎಲ್ಲಕ್ಕಿಂತ ಉದ್ದ. ಉಂಗುರ, ನೇರ ಗೆರೆ, ಅದರ ಜೊತೆಗೆ ಕೆಳಗಿನ ಮಡಿಕೆಯ ಉದ್ದಕ್ಕೂ ಅಡ್ಡ ಗೆರೆ. ಹಡಗಿನ ಲಂಗರಿನ ಆಕಾರ ಎನ್ನಬಹುದು. 1956ರಲ್ಲಿ ಅಮೆರಿಕದ ಡಾ. ರಾಬರ್ಟ್ ವೈಸ್ ಇದಕ್ಕೆ ಹಾಕಿಕೊಟ್ಟ ಮಾದರಿ ಬ್ರಾ ಕತ್ತರಿಸುವ ಅಚ್ಚಿನಿಂದ ಬಂದದ್ದು. ದರ್ಜಿಯ ಹೋಲಿಕೆ ನನ್ನೊಬ್ಬಳದೇ ಅಲ್ಲ, ನೋಡಿ. ಬಹಳ ಜೋಲಿದ್ದವರಿಗೆ, ತುಂಬ ತೂಕ ಇಳಿಸಿ ಚರ್ಮ ಉಳಿದುಕೊಂಡವರಿಗೆ ಸರ್ಜನ್ನರು ಹೆಚ್ಚಾಗಿ ಇದನ್ನೇ ಸೂಚಿಸುತ್ತಾರೆ. ಅಡ್ಡ ಗೆರೆ ಉದ್ದವಾದರೂ ಮಡಿಕೆಯಲ್ಲಿ ಅಡಗಿರುತ್ತದೆ, ಎದುರಿಗೆ ನಿಂತವರಿಗೆ ಕಾಣುವುದಿಲ್ಲ. ಇದರ ತೊಂದರೆ ಬೇರೆ ಕಡೆ ಇದೆ. ನೇರ ಗೆರೆ ಮತ್ತು ಅಡ್ಡ ಗೆರೆ ಕೂಡುವ ಜಾಗದಲ್ಲಿ ಚರ್ಮಕ್ಕೆ ಬಿಗಿತ ಹೆಚ್ಚು, ರಕ್ತ ಸಂಚಾರ ಕಡಿಮೆ. ಹೊಲಿಗೆ ಬಿಚ್ಚಿಕೊಳ್ಳುವುದಿದ್ದರೆ ಸಾಮಾನ್ಯವಾಗಿ ಅಲ್ಲಿಯೇ. ಗೆರೆಯ ಒಳತುದಿ ಎದೆಯ ನಡುಭಾಗಕ್ಕೆ ಹತ್ತಿರ ಬಂದರೆ ಕಲೆ ಗಂಟುಗಟ್ಟುವ ಸಂಭವವೂ ಉಂಟು.

ನಿಮ್ಮ ಚರ್ಮದ ಗುಣ

ಕೊಯ್ತ ವೈದ್ಯರ ಕೈಯಲ್ಲಿದ್ದರೂ ಕಲೆಯ ಸ್ವಭಾವ ಬಹುಮಟ್ಟಿಗೆ ನಿಮ್ಮ ಚರ್ಮದ್ದು. ನಮ್ಮಂಥ ಕಂದು, ಕಪ್ಪು ಚರ್ಮದವರಲ್ಲಿ ಕಲೆ ಕಪ್ಪಾಗುವುದು, ದಪ್ಪಗಾಗುವುದು ಬಿಳಿಯರಿಗಿಂತ ಹೆಚ್ಚು. ವಿದೇಶದ ಫೋಟೋ ನೋಡಿ ನಿರ್ಧರಿಸಬೇಡಿ. ಎಡತೋಳಿನಲ್ಲಿ ಬಿಸಿಜಿ ಚುಚ್ಚುಮದ್ದಿನ ಗುರುತು ಉಬ್ಬಿಕೊಂಡಿದೆಯೇ, ಕಿವಿ ಮೂಗು ಚುಚ್ಚಿಸಿದಾಗ ಗಂಟು ಎದ್ದಿತ್ತೇ, ಸಿಜೇರಿಯನ್ ಗಾಯ ಹೇಗೆ ಮಾಯಿತು, ಅಕ್ಕ ತಂಗಿಯರಿಗೆ ಹೀಗೆ ಆಗಿದೆಯೇ ಎಂಬುದನ್ನು ನೆನಪಿಟ್ಟು ಸರ್ಜನ್ನರಿಗೆ ಹೇಳಿ. ಗಾಯದ ಗಡಿಯನ್ನೂ ದಾಟಿ ಬೆಳೆಯುವ ಗಂಟಿಗೆ ಕೆಲಾಯ್ಡ್ ಎನ್ನುತ್ತಾರೆ. ಅದು ಇದ್ದವರು ಈ ಶಸ್ತ್ರಚಿಕಿತ್ಸೆಯ ಬಗ್ಗೆ ಎರಡು ಸಲ ಯೋಚಿಸಬೇಕು.

ಮೂರು ವಾರದ ಗಾಯ ಹೊರಗೆ ಕೂಡಿದಂತೆ ಕಂಡರೂ ಅದಕ್ಕೆ ಮೊದಲಿನ ಚರ್ಮದ ಮೂರರಲ್ಲೊಂದು ಪಾಲಿನ ಬಲವೂ ಇರುವುದಿಲ್ಲ. ಆದ್ದರಿಂದ ಆರು ವಾರ ನೀರಿನ ಕೊಡ ಎತ್ತುವುದು, ರೊಟ್ಟಿ ಬಡಿಯುವುದು, ಗದ್ದೆಯಲ್ಲಿ ನಾಟಿಗೆ ಬಗ್ಗುವುದು ಬೇಡ. ಮನೆಯವರು ಈ ಕೆಲಸಗಳನ್ನು ಹಂಚಿಕೊಳ್ಳುವುದೇ ದೊಡ್ಡ ಔಷಧ. ಎರಡು ಮೂರು ತಿಂಗಳ ಹೊತ್ತಿಗೆ ಕಲೆ ಇನ್ನಷ್ಟು ಕೆಂಪಾಗಿ, ಗಟ್ಟಿಯಾಗಿ, ತುರಿಸುತ್ತದೆ. ಹೆಚ್ಚಿನವರು ಎದೆಗುಂದುವುದು ಆಗಲೇ. ಖಾನಾಪುರದ ಆ ತಾಯಿಗೆ ಸರ್ಜನ್ನರು ಉದ್ದ ಗೆರೆಯ ಕೊಯ್ತವನ್ನೇ ಮಾಡಿದ್ದರು. ಮೂರನೆಯ ತಿಂಗಳಿಗೆ ಅಳುತ್ತಲೇ ಬಂದರು. ವರ್ಷ ತುಂಬಿದ ಮೇಲೆ ಬಂದಾಗ ಗೆರೆ ತೆಳ್ಳಗಾಗಿ, ಮೆತ್ತಗಾಗಿ, ಬಣ್ಣ ಮಾಸಿತ್ತು. ಎಡಗಡೆ ಒಳತುದಿಯಲ್ಲಿ ಮಾತ್ರ ಬೆರಳಗಲದ ದಪ್ಪ ಭಾಗ ಉಳಿದಿತ್ತು, ಅದಕ್ಕೆ ಇಂಜೆಕ್ಷನ್ ಕೊಟ್ಟರು. ಕಲೆ ಪಕ್ವವಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಪೂರ್ತಿ ಅಳಿಸಿಹೋಗುವುದಂತೂ ಇಲ್ಲ.

ಗಾಯ ಪೂರ್ತಿ ಒಣಗಿದ ಮೇಲೆ ವೈದ್ಯರ ಸಲಹೆಯಂತೆ ಸಿಲಿಕೋನ್ ಹಾಳೆಯನ್ನು ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದೆ ಎರಡು ಮೂರು ತಿಂಗಳು ಅಂಟಿಸಿಕೊಳ್ಳಬೇಕು. ಬೆವರಿದರೆ ತೊಳೆದು ಒಣಗಿಸಿ ಮತ್ತೆ ಹಾಕಬಹುದು. ಹಸಿ ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ ಯಾವುದನ್ನೂ ಹಚ್ಚಬೇಡಿ. ಶಿವದಾರ, ತಾಳಿಯ ಸರ ಗಾಯದ ಮೇಲೆ ಉಜ್ಜದಂತೆ ಹೇಗೆ ಕಟ್ಟಿಕೊಳ್ಳಬೇಕೆಂದು ವಾರ್ಡಿನ ಸಿಸ್ಟರನ್ನು ಮೊದಲೇ ಕೇಳಿಕೊಳ್ಳಿ.

ಮಿಶ್ರಿ ಹಚ್ಚುವ ಅಭ್ಯಾಸವನ್ನು ಮುಚ್ಚಿಡಬೇಡಿ. ಬೀಡಿ ಸಿಗರೇಟು ಸೇದುವುದಿಲ್ಲ ಎಂದು ಹೇಳಿ, ದಿನಕ್ಕೆ ಮೂರು ಸಲ ಹಲ್ಲಿಗೆ ಮಿಶ್ರಿ ತಿಕ್ಕುವವರು ನಮ್ಮ ಭಾಗದಲ್ಲಿ ಬಹಳ. ಅದೂ ತಂಬಾಕೇ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಚರ್ಮದ ಅಂಚು, ಕೆಲವೊಮ್ಮೆ ತೊಟ್ಟು ಕೂಡ, ರಕ್ತ ಸಿಗದೆ ಕಪ್ಪಾಗಿ ಸಾಯಬಹುದು. ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲು, ನಾಲ್ಕು ವಾರ ಆಮೇಲೆ ಪೂರ್ತಿ ಬಿಡಬೇಕು. ಸಕ್ಕರೆ ಕಾಯಿಲೆಯೂ ಹತೋಟಿಯಲ್ಲಿರಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ

ಮುಂದೆ ಮಕ್ಕಳು ಬೇಕೆನ್ನುವವರು ಸ್ವಲ್ಪ ಕಾಯುವುದು ಒಳ್ಳೆಯದು, ಏಕೆಂದರೆ ಇನ್ನೊಂದು ಬಸಿರಿನಲ್ಲಿ ಚರ್ಮ ಮತ್ತೆ ಹಿಗ್ಗುತ್ತದೆ, ಹಾಲು ಕಡಿಮೆಯಾಗುವ ಸಾಧ್ಯತೆಯೂ ಇದೆ. ತೊಟ್ಟಿನ ಸ್ಪರ್ಶಜ್ಞಾನ ಕೆಲವು ತಿಂಗಳು ಮಂದವಾಗಬಹುದು, ಕೆಲವರಿಗೆ ಹಾಗೆಯೇ ಉಳಿಯುವುದುಂಟು. 40 ದಾಟಿದವರಿಗೆ ಮೊದಲು ಮ್ಯಾಮೋಗ್ರಾಂ ಮಾಡಿಸುತ್ತಾರೆ. ಗಂಟು ಕೈಗೆ ಸಿಕ್ಕಿದರೆ ವಯಸ್ಸು ಎಷ್ಟೇ ಇರಲಿ, ಅದರ ಪರೀಕ್ಷೆಯೇ ಮೊದಲು. ಕೇವಲ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬರುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಸಂಬಂಧಿಸಿದ್ದರೆ ಕಾರ್ಡು ತಂದು ಕೌಂಟರಿನಲ್ಲಿ ವಿಚಾರಿಸಿ.

ಸರ್ಜನ್ನರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಿದವರೇ ಎಂದು ಕೇಳುವುದು ಅವಮಾನವಲ್ಲ. ಇಂಥ ತಜ್ಞರನ್ನು ಕಾಣಲು ಪುಣೆ, ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬೆಳಗಾವಿಯ ನೆಹರು ನಗರದಲ್ಲೇ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಕೊಯ್ತದ ಗೆರೆಗಳನ್ನು ಕಾಗದದ ಮೇಲೆ ಬರೆದು ತೋರಿಸಿ ಎನ್ನಿ. ನಿಮ್ಮಂಥದೇ ಚರ್ಮದವರ ಒಂದು ವರ್ಷದ ನಂತರದ ಕಲೆಯ ಫೋಟೋ ಇದ್ದರೆ ನೋಡಿ. ಶಸ್ತ್ರಚಿಕಿತ್ಸೆಗೆ ಮುಂಚೆ ನಿಮ್ಮನ್ನು ನಿಲ್ಲಿಸಿಕೊಂಡು ಪೆನ್ನಿನಿಂದ ಗುರುತು ಹಾಕುತ್ತಾರೆ. ಮಲಗಿದಾಗ ಸ್ತನದ ಆಕಾರ ಬದಲಾಗುವುದರಿಂದ ನಿಂತೇ ಅಳೆಯಬೇಕು. ಆ ಗುರುತನ್ನು ಸ್ನಾನ ಮಾಡಿ ಅಳಿಸಿಕೊಂಡವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಮನೆಗೆ ಹೋದ ಮೇಲೆ ಜ್ವರ, ಕೀವು, ಒಂದೇ ಕಡೆ ಹಠಾತ್ತನೆ ಊತ, ತೊಟ್ಟು ನೀಲಿ ಅಥವಾ ಕಪ್ಪಾಗುವುದು ಕಂಡರೆ ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಆ ದಿನವೇ, ರಾತ್ರಿಯಾದರೂ ಸರಿ, ಬನ್ನಿ. ಬಸ್ಸಿನಲ್ಲಿ ಖಾನಾಪುರದ ಕಡೆ ಹೋಗುವವರು ಆಧಾರದ ಬ್ರಾ ಧರಿಸಿ, ಎದೆಗೆ ಒಂದು ಚಿಕ್ಕ ದಿಂಬು ಆನಿಸಿಕೊಂಡು, ಹಿಂದಿನ ಸೀಟು ಬಿಟ್ಟು ನಡುವಿನ ಸೀಟಿನಲ್ಲಿ ಕೂರಿ.