ಪರದೆ ಏಳುವ ಮುಂಚಿನ ಸಂಗೀತ: ಓವರ್ಚರ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಪಟ್ಟಿ ನೋಡಿದರೆ ಮೊದಲ ಸಾಲಿನಲ್ಲೇ ‘ಓವರ್ಚರ್’ ಎಂದು ಇರುವುದುಂಟು. ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಶುರುವಾಗುವ ಮುನ್ನ ವಾದ್ಯವೃಂದ ನುಡಿಸುವ ಪೀಠಿಕೆ ಇದು. ಹಾಡುಗಾರರು ಇನ್ನೂ ಬಂದಿರುವುದಿಲ್ಲ. ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮುಂಚೆ ಪೂರ್ವರಂಗ ನಡೆಯುತ್ತದಲ್ಲ, ಹೆಚ್ಚುಕಡಿಮೆ ಆ ಜಾಗ ಇದರದು.

ಹಿಂದೆ ಯುರೋಪಿನ ನಾಟಕಶಾಲೆಗಳಲ್ಲಿ ದೀಪ ಆರಿಸುವ ಪದ್ಧತಿ ಇರಲಿಲ್ಲ. ಜನ ಹರಟುತ್ತಾ ಕೂತಿರುತ್ತಿದ್ದರು. ಅವರ ಕಿವಿಯನ್ನು ವೇದಿಕೆಯತ್ತ ತಿರುಗಿಸಲು ಗಟ್ಟಿದನಿಯ ಆರಂಭ ಬೇಕಿತ್ತು. 17ನೇ ಶತಮಾನದಲ್ಲಿ ಫ್ರಾನ್ಸಿನ ಸಂಗೀತಕಾರ ಲೂಲಿ ಮೊದಲು ನಿಧಾನ, ಆಮೇಲೆ ವೇಗ ಎಂಬ ಮಾದರಿಯನ್ನು ನೆಲೆಗೊಳಿಸಿದ. ಇಟಲಿಯವರದು ವೇಗ, ನಿಧಾನ, ಮತ್ತೆ ವೇಗ. ಮುಂದೆ ಸಿಂಫನಿ, ಅಂದರೆ ವಾದ್ಯವೃಂದದ ದೊಡ್ಡ ಕೃತಿ, ಬೆಳೆದ ಬೇರುಗಳಲ್ಲಿ ಇದೂ ಒಂದು.

ಓವರ್ಚರ್ ಕೇಳಿದರೆ ಕಥೆ ಗೊತ್ತಾಗುತ್ತದೆಯೇ? ಹಾಗೆ ನಂಬಿಕೊಂಡು ಕೂರಬೇಡಿ. ಪೀಠಿಕೆ ನಾಟಕದ ಸ್ವಭಾವವನ್ನು ಮೊದಲೇ ತಿಳಿಸಬೇಕು ಎಂದು ಸಂಗೀತಕಾರ ಗ್ಲುಕ್ 1769ರಲ್ಲಿ ತನ್ನ ‘ಆಲ್ಚೆಸ್ತೆ’ ಆಪೆರಾದ ಮುನ್ನುಡಿಯಲ್ಲಿ ವಾದಿಸಿದ. ಮೊಜಾರ್ಟ್‌ನ ‘ಡಾನ್ ಜಿಯೊವಾನ್ನಿ’ (1787) ಹಾಗೇ ಇದೆ: ಆರಂಭದಲ್ಲೇ ಎದೆ ನಡುಗಿಸುವ ಸ್ವರಗುಚ್ಛಗಳು, ಕೊನೆಗೆ ಕಲ್ಲಿನ ಪ್ರತಿಮೆ ಊಟಕ್ಕೆ ಬಂದಾಗ ಮತ್ತೆ ಮೊಳಗುತ್ತವೆ. ರೊಸ್ಸಿನಿಯದು ಬೇರೆಯೇ ದಾರಿ. ರೋಮನ್ ಚಕ್ರವರ್ತಿಯ ಗಂಭೀರ ಕಥೆಗೆ 1813ರಲ್ಲಿ ಬರೆದ ಓವರ್ಚರನ್ನು ಇಂಗ್ಲೆಂಡಿನ ರಾಣಿಯ ಕಥೆಗೆ ತಿದ್ದಿ ಬಳಸಿದ. 1816ರಲ್ಲಿ ಅದನ್ನೇ ‘ದಿ ಬಾರ್ಬರ್ ಆಫ್ ಸೆವಿಲ್’ ಎಂಬ ಹಾಸ್ಯ ನಾಟಕಕ್ಕೂ ಇಟ್ಟ! ಈಗ ಕೇಳಿದರೆ ಆ ನಾಟಕಕ್ಕೆಂದೇ ಹುಟ್ಟಿದಂತಿದೆ. ಅತ್ತ ಬೀಥೋವನ್ ‘ಫಿಡೆಲಿಯೊ’ ಎಂಬ ಒಂದೇ ಆಪೆರಾಕ್ಕೆ ನಾಲ್ಕು ಓವರ್ಚರ್ ಬರೆದ. ಅವುಗಳಲ್ಲಿ ‘ಲಿಯೊನೋರ್ 3’ ಎಷ್ಟು ತೂಕದ್ದೆಂದರೆ, ಅದಾದ ಮೇಲೆ ಬರುವ ಮೊದಲ ದೃಶ್ಯ ಸಪ್ಪೆ ಅನಿಸುತ್ತದೆ.

ನಾಟಕವೇ ಇಲ್ಲದ ಓವರ್ಚರ್‌ಗಳೂ ಇವೆ. ಇವು ಕನ್ಸರ್ಟ್ ಓವರ್ಚರ್, ಅಂದರೆ ಕಛೇರಿಗೆಂದೇ ಬರೆದ ಬಿಡಿ ಕೃತಿಗಳು. ಸ್ಕಾಟ್ಲೆಂಡಿನ ದ್ವೀಪಗಳನ್ನು ನೋಡಿಬಂದು ಮೆಂಡೆಲ್ಸನ್ ಬರೆದ ‘ದಿ ಹೆಬ್ರಿಡೀಸ್’ ಅಂಥದ್ದು.

ಇನ್ನೆರಡು ಗೊಂದಲ ಉಳಿಯುತ್ತವೆ. ‘ಪ್ರಿಲ್ಯೂಡ್’ ಕೂಡ ಆಪೆರಾದ ಪೀಠಿಕೆಯೇ, ಆದರೆ ಸಾಮಾನ್ಯವಾಗಿ ಚಿಕ್ಕದು, ಎಷ್ಟೋ ಸಲ ನಿಲ್ಲದೆ ನೇರ ದೃಶ್ಯದೊಳಗೆ ಹರಿಯುತ್ತದೆ. ಇನ್ನು ಪಿಯಾನೊ ಕನ್ಸರ್ಟೊದಲ್ಲಿ ಪಿಯಾನೊ ಬರುವ ಮೊದಲು ವಾದ್ಯವೃಂದ ನುಡಿಸುವ ಭಾಗ ಓವರ್ಚರ್ ಅಲ್ಲ. ಅದು ಆ ಕೃತಿಯದೇ ಅಂಗ, ಬಿಡಿಸಿ ನುಡಿಸುವಂತಿಲ್ಲ.

ಕೇಳಲು ದುಡ್ಡು ಬೇಕಿಲ್ಲ. ಯೂಟ್ಯೂಬಿನಲ್ಲಿ ಇವೆಲ್ಲ ಸಿಗುತ್ತವೆ. ಮೊಜಾರ್ಟ್‌ನ ‘ದಿ ಮ್ಯಾರೇಜ್ ಆಫ್ ಫಿಗರೊ’ದಿಂದ ಶುರುಮಾಡಿ, ನಾಲ್ಕು ನಿಮಿಷದ ಮಾತು. ಆಮೇಲೆ ರೊಸ್ಸಿನಿಯ ‘ವಿಲಿಯಂ ಟೆಲ್’ ಹಾಕಿ. ಸುಮಾರು ಹನ್ನೆರಡು ನಿಮಿಷ. ಕೊನೆಯ ಕುದುರೆ ಓಟದ ಭಾಗ ಎಲ್ಲೋ ಕೇಳಿದ್ದೇವಲ್ಲ ಅನಿಸಿದರೆ ಆಶ್ಚರ್ಯವಿಲ್ಲ. ಸ್ವರಲಿಪಿ ಓದಬಲ್ಲವರಿಗೆ ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಹಳೆಯ ಮುದ್ರಣಗಳು ಉಚಿತ. ಎದುರೇ ಕೂತು ಕೇಳಬೇಕೆಂದರೆ ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿಗಳಿಗೆ ಹೋಗಬಹುದು. ಸ್ವಲ್ಪ ಬೇಗನೇ ತಲುಪಿ. ಇಂಥ ಸಭಾಂಗಣಗಳಲ್ಲಿ ಸಂಗೀತ ಶುರುವಾದ ಮೇಲೆ ಬಂದವರನ್ನು ಸಾಮಾನ್ಯವಾಗಿ ಆ ಕೃತಿ ಮುಗಿಯುವ ತನಕ ಒಳಗೆ ಬಿಡುವುದಿಲ್ಲ, ಮತ್ತು ಓವರ್ಚರ್ ಇರುವುದು ಮೊದಲಿಗೇ.