ಸ್ವಿಚ್ಚಿನ ಒಳಗುಟ್ಟು

ಕಲಬುರಗಿಯ ಮೋಮಿನಪುರದಲ್ಲಿ ಮುಸ್ಸಂಜೆ ಕವಿಯುತ್ತಿದ್ದಂತೆ ಮನೆಮನೆಗಳಲ್ಲಿ ದೀಪಗಳು ಬೆಳಗುತ್ತವೆ. ಗೋಡೆಯ ಮೇಲಿನ ಗುಂಡಿಯನ್ನು ಒತ್ತಿದರಾಯಿತು, ಕತ್ತಲೆ ಸರಿದುಹೋಗುತ್ತದೆ. ಈ ಸಣ್ಣ ಕೆಲಸದ ಹಿಂದೆ ಅಡಗಿರುವ ತತ್ತ್ವವನ್ನು ನಾವು ತಿಳಿಯಬೇಡವೆ?

ನೀರು ಎತ್ತರದಿಂದ ತಗ್ಗಿಗೆ ಹರಿಯುವುದಷ್ಟೆ. ಸಮತಟ್ಟಾದ ಕಡೆ ಅದು ನಿಶ್ಚಲವಾಗಿ ನಿಲ್ಲುತ್ತದೆ. ಅಂತೆಯೇ ತಂತಿಯಲ್ಲಿ ವಿದ್ಯುತ್ತು ಹರಿಯಬೇಕಾದರೆ ಅದರ ಎರಡು ತುದಿಗಳ ನಡುವೆ ವಿಭವಾಂತರವಿರಬೇಕು. ಈ ಅಂತರವನ್ನು ಸತತವಾಗಿ ಕಾಯ್ದುಕೊಂಡು ಬರುವ ಸಾಧನವೇ ವಿದ್ಯುತ್ತಿನ ಆಕರ. 1800ರಲ್ಲಿ ಮೊದಲ ಬ್ಯಾಟರಿಯನ್ನು ಲೋಕಕ್ಕೆ ಪರಿಚಯಿಸಿದ ಇಟಲಿಯ ವಿಜ್ಞಾನಿ ವೋಲ್ಟಾನ ನೆನಪಿಗಾಗಿ ವಿಭವಾಂತರದ ಮಾನಕ್ಕೆ ‘ವೋಲ್ಟ್’ ಎಂಬ ಹೆಸರು ಬಂದಿದೆ. ಟಾರ್ಚಿನ ಒಂದು ಶುಷ್ಕಕೋಶವು ರಾಸಾಯನಿಕ ಕ್ರಿಯೆಯಿಂದ 1.5 ವೋಲ್ಟ್‌ಗಳಷ್ಟು ವಿಭವಾಂತರವನ್ನು ಕೊಡುತ್ತದೆ. ನಮ್ಮ ಮನೆಗಳಿಗೆ ಬರುವುದಾದರೋ 230 ವೋಲ್ಟ್. ಇದರ ಮೂಲವು ದೂರದ ಉತ್ಪಾದನಾ ಕೇಂದ್ರಗಳಲ್ಲಿದೆ. ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿತು. ಅಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಶಾಖದಿಂದುಂಟಾದ ಹಬೆಯು ಇದೇ ಕಾರ್ಯವನ್ನು ನಡೆಸುತ್ತದೆ.

ಆದರೆ ಆಕರವೊಂದಿದ್ದರೆ ಸಾಲದು. ಅದರಿಂದ ಹೊರಟ ವಿದ್ಯುತ್ತು ದೀಪದ ಮೂಲಕ ಹಾದು ಮರಳಿ ಅಲ್ಲಿಗೇ ಸೇರಲು ಕಡಿಯದ ದಾರಿಯಿರಬೇಕು. ಈ ದಾರಿಯೇ ವಿದ್ಯುನ್ಮಂಡಲ. ಸ್ವಿಚ್ಚು ಇದರಲ್ಲಿನ ಎತ್ತಿ ಇಳಿಸಬಹುದಾದ ಸೇತುವೆ. ಗುಂಡಿಯನ್ನು ಒತ್ತಿದಾಗ ಒಳಗಿನ ಲೋಹದ ತುಂಡುಗಳು ಕೂಡಿಕೊಂಡು ದಾರಿ ಪೂರ್ಣವಾಗುತ್ತದೆ. ಆರಿಸಿದಾಗ ಅವು ಅಗಲುತ್ತವೆ. ನಡುವಣ ಗಾಳಿ ಅವಾಹಕವಾದುದರಿಂದ ಪ್ರವಾಹ ನಿಲ್ಲುತ್ತದೆ. ಅಗಲುವ ಕ್ಷಣದಲ್ಲಿ ಕಿಡಿ ಹಾರಿ ಲೋಹ ಸುಡಬಹುದು. ಆದುದರಿಂದಲೇ ಸ್ಪ್ರಿಂಗಿನ ನೆರವಿನಿಂದ ಅವು ‘ಟಕ್ಕನೆ’ ದೂರವಾಗುವಂತೆ ಮಾಡಿರುತ್ತಾರೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಸ್ವಿಚ್ಚು ಆರಿಸಿದರೆ ನಿಲ್ಲುವುದು ಪ್ರವಾಹವೇ ಹೊರತು ಆಕರದ ವಿಭವಾಂತರವಲ್ಲ. ಮನೆಗೆ ಬರುವ ಎರಡು ತಂತಿಗಳಲ್ಲಿ ಫೇಸ್ ತಂತಿಗೂ ನೆಲಕ್ಕೂ ನಡುವೆ 230 ವೋಲ್ಟ್ ಇರುತ್ತದೆ. ನ್ಯೂಟ್ರಲ್ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಬಳಿ ನೆಲಕ್ಕೆ ಜೋಡಿಸಿರುತ್ತಾರೆ. ಸ್ವಿಚ್ಚನ್ನು ಫೇಸ್ ತಂತಿಯಲ್ಲಿಯೇ ಅಳವಡಿಸಬೇಕು. ತಪ್ಪಿ ನ್ಯೂಟ್ರಲ್‌ನಲ್ಲಿ ಅಳವಡಿಸಿದರೆ ದೀಪವೇನೋ ಆರುತ್ತದೆ. ಆದರೆ ಹೋಲ್ಡರಿನಲ್ಲಿ ವಿದ್ಯುತ್ತು ಹೊಂಚುಹಾಕಿರುತ್ತದೆ. ದೀಪ ಆರಿದೆಯೆಂದು ನಂಬಿ ಬಲ್ಬು ಬದಲಿಸಹೋದವನ ಕೈ ಅಲ್ಲಿನ ಲೋಹಕ್ಕೆ ತಾಗಿದರೆ ಅವನ ದೇಹವೇ ನೆಲಕ್ಕೆ ಸೇತುವೆಯಾಗಿ ಪ್ರಾಣಕ್ಕೆ ಅಪಾಯ ಒದಗಬಹುದು. ಆದಕಾರಣ ಬಲ್ಬನ್ನು ಬದಲಿಸುವ ಮುನ್ನ ಎರಡೂ ತಂತಿಗಳನ್ನು ಕಡಿಯುವ ಮೇನ್ ಸ್ವಿಚ್ಚನ್ನು ಆರಿಸುವುದು ಜಾಣತನ.

ವಿದ್ಯುತ್ತು ನಮಗೆ ಉತ್ತಮ ಸೇವಕ. ಅದರ ದಾರಿಯನ್ನು ಅರಿತವನಿಗೆ ಬೆಳಕು, ಅರಿಯದವನಿಗೆ ಆಪತ್ತು.